ಸರ್ಕಾರದ ದುಡ್ಡು ಮತ್ತು ರೈತನ ಪಹಣಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಎರಡು ಮಾತಾಡು ಅಂತ ಅಧ್ಯಕ್ಷರು ಹೇಳಿದರು. ನಾನು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವನು. ದೊಡ್ಡ ಭಾಷಣ ನನ್ನಿಂದ ಆಗುವ ಕೆಲಸವಲ್ಲ. ಆದರೆ ಸಂಘದ ಕಚೇರಿಯಲ್ಲಿ ಕೂತಾಗ ನಮ್ಮ ಸದಸ್ಯರು ಹೆಚ್ಚಾಗಿ ಏನು ಕೇಳುತ್ತಾರೆ ಅನ್ನುವುದು ನನಗೆ ಗೊತ್ತು. ಮೊದಲೆಲ್ಲ "ಸಾಲ ಯಾವಾಗ ಕೊಡ್ತೀರಿ, ಯೂರಿಯಾ ಬಂತಾ" ಅಂತ ಕೇಳುತ್ತಿದ್ದರು. ಈಗ "ಅಣ್ಣ, ನಂದು ದುಡ್ಡು ಬಂದೈತಾ ನೋಡು" ಅಂತ ಕೇಳುತ್ತಾರೆ. ಯಾವ ದುಡ್ಡು ಅಂದರೆ "ಅದೇ, ಗೌರ್ಮೆಂಟಿನ ದುಡ್ಡು" ಅಂತಾರೆ. ಆ ಗೌರ್ಮೆಂಟಿನ ದುಡ್ಡಿನ ವಿಚಾರವಾಗಿಯೇ ಇವತ್ತು ನನಗೆ ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

ನಾವು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಸಬ್ಸಿಡಿ ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಹಾಗೆ ಕರೆಯುವುದರಿಂದಲೇ ಅರ್ಧ ಗೊಂದಲ. ನಮ್ಮ ಬಯಲುಸೀಮೆಯ ರೈತನಿಗೆ ಬರುವ ಹಣದಲ್ಲಿ ನಾಲ್ಕು ಬಗೆ ಇದೆ. ಒಂದು, ವರ್ಷ ವರ್ಷ ಬರುವುದು. ಎರಡು, ಬೆಳೆ ಹಾಳಾದಾಗ ಬರುವುದು. ಮೂರು, ನಾವೇ ಕಂತು ಕಟ್ಟಿ ಪಡೆಯುವ ವಿಮೆ. ನಾಲ್ಕನೆಯದು ನಮ್ಮ ಕಣ್ಣಿಗೇ ಕಾಣದ ಹಣ. ಒಂದೊಂದಾಗಿ ಹೇಳುತ್ತೇನೆ.

ವರ್ಷ ವರ್ಷ ಬರುವುದು ಅಂದರೆ ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ಹಣ. 2019ರ ಫೆಬ್ರವರಿಯಲ್ಲಿ ಇದು ಶುರುವಾಯಿತು. ಮೊದಲು 2 ಹೆಕ್ಟೇರಿನ ಒಳಗಿನ ರೈತರಿಗೆ ಮಾತ್ರ ಅಂತ ಇತ್ತು. ಅದೇ ವರ್ಷ ಜೂನ್‌ನಿಂದ ಜಮೀನು ಇರುವ ಎಲ್ಲಾ ರೈತ ಕುಟುಂಬಕ್ಕೂ ಅಂತ ಆಯಿತು. ವರ್ಷಕ್ಕೆ 6,000 ರೂ., 2,000ದಂತೆ ಮೂರು ಕಂತು. ಕುಟುಂಬ ಅಂದರೆ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು. ಆದಾಯ ತೆರಿಗೆ ಕಟ್ಟುವವರಿಗೆ, ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರಿಗೆ, ತಿಂಗಳಿಗೆ 10,000 ಮತ್ತು ಅದಕ್ಕೂ ಮೇಲ್ಪಟ್ಟು ಪಿಂಚಣಿ ತಗೊಳ್ಳುವವರಿಗೆ, ಡಾಕ್ಟರು, ಇಂಜಿನಿಯರು, ವಕೀಲರಿಗೆ ಇದು ಇಲ್ಲ. ಇನ್ನೊಂದು ನಿಯಮ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2019ರ ಫೆಬ್ರವರಿ 1ನೇ ತಾರೀಖಿನ ಹೊತ್ತಿಗೆ ಜಮೀನು ನಮ್ಮ ಹೆಸರಿನಲ್ಲಿ ಇರಬೇಕು. ಆ ಮೇಲೆ ಹೆಸರಿಗೆ ಬಂದಿದ್ದರೆ, ಹಿಂದಿನ ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದದ್ದಾಗಿರಬೇಕು. ತಂದೆ ಬದುಕಿರುವಾಗಲೇ ಭಾಗ ಮಾಡಿಕೊಂಡ ಹುಡುಗರು "ನಮಗೇಕೆ ಬರಲಿಲ್ಲ" ಅಂತ ಓಡಾಡುವುದು ಈ ಕಾರಣಕ್ಕೆ. ರಾಜ್ಯ ಸರ್ಕಾರ 2019ರಿಂದ ಇದಕ್ಕೆ 4,000 ಸೇರಿಸಿ ಕೊಡುತ್ತಿತ್ತು, 2023ರಲ್ಲಿ ಅದು ನಿಂತುಹೋಯಿತು.

6,000 ರೂಪಾಯಿ ಅಂದರೆ ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಕಡಿಮೆ ಅಂತ ನಾವು ಆಡಿಕೊಳ್ಳಬಹುದು. ಆದರೆ ಬಿತ್ತನೆ ಕಾಲಕ್ಕೆ ಸರಿಯಾಗಿ ಎರಡು ಸಾವಿರ ಕೈಗೆ ಬಂದರೆ ಅದೇ ಬೀಜಕ್ಕೋ ಉಳುವ ಟ್ರ್ಯಾಕ್ಟರ್ ಬಾಡಿಗೆಗೋ ಆಗುತ್ತದೆ. ಒಂದು ಎಕರೆ ಇರುವ ಮನೆಗೂ ಇಪ್ಪತ್ತು ಎಕರೆ ಇರುವ ಮನೆಗೂ ಅಷ್ಟೇ ಹಣ. ಹಾಗಾಗಿ ಇದರಿಂದ ಹೆಚ್ಚು ಉಪಯೋಗ ಆಗುವುದು ಬಡವನಿಗೇ. ಅವನಿಗೆ ತಪ್ಪಿದರೆ ನಷ್ಟವೂ ಹೆಚ್ಚು.

ಎರಡನೆಯದು ಬೆಳೆ ಪರಿಹಾರ. ಕಾಗದದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಹೋದ ಬೆಳೆಯ ಬೆಲೆ ಕಟ್ಟಿ ಕೊಡುವ ಹಣ ಇದಲ್ಲ, ಮುಂದಿನ ಬಿತ್ತನೆಯ ಬೀಜ ಗೊಬ್ಬರಕ್ಕೆ ಸಹಾಯ. ಇದನ್ನು ತಿಳಿದುಕೊಂಡರೆ "ಇಷ್ಟೇನಾ" ಅನ್ನುವ ಪ್ರಶ್ನೆಗೆ ಉತ್ತರ ಸಿಗುತ್ತದೆ. 2015ಕ್ಕೆ ಮೊದಲು ಅರ್ಧಕ್ಕರ್ಧ ಬೆಳೆ ಹೋದರೆ ಮಾತ್ರ ಕೊಡುತ್ತಿದ್ದರು. 2015ರಿಂದ ಶೇಕಡಾ 33 ಅಥವಾ ಅದಕ್ಕೂ ಹೆಚ್ಚು ಹೋಗಿದ್ದರೆ ಸಾಕು ಅಂತ ಆಯಿತು. 2022ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ದರದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿಗೆ 17,000 ರೂ., ತೆಂಗು ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂ. ಅದೂ ಒಬ್ಬ ರೈತನಿಗೆ 2 ಹೆಕ್ಟೇರಿನವರೆಗೆ ಮಾತ್ರ. ಒಂದು ಹೆಕ್ಟೇರು ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2 ಎಕರೆ 19 ಗುಂಟೆ. ಹಾಗಾದರೆ ಒಣ ಭೂಮಿಯ ಒಂದು ಎಕರೆಗೆ ಸಿಗುವುದು 3,440 ರೂ. ಆಸುಪಾಸು. ಒಂದು ಎಕರೆ ಕಡಲೆಕಾಯಿ ಬಿತ್ತುವುದಕ್ಕೆ ಬೀಜಕ್ಕೇ ಅದು ಸಾಲುವುದಿಲ್ಲ ಅಂತ ಇಲ್ಲಿ ಕೂತಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ರಾಜ್ಯ ಸರ್ಕಾರ 2021ರ ಡಿಸೆಂಬರಿನಲ್ಲಿ ಒಂದು ಸಾರಿ, 2025ರಲ್ಲಿ ಇನ್ನೊಂದು ಸಾರಿ ತನ್ನ ಕಡೆಯಿಂದ ಹೆಚ್ಚಿಗೆ ಸೇರಿಸಿ ಕೊಡುವುದಾಗಿ ಹೇಳಿತು. ಎಲ್ಲಾ ವರ್ಷವೂ ಹಾಗೆ ಆಗುವುದಿಲ್ಲ.

2023ರ ಬರ ತಮಗೆಲ್ಲ ನೆನಪಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ರಾಗಿ ತೆನೆ ಕಟ್ಟಲಿಲ್ಲ, ಕಡಲೆಕಾಯಿ ಗಿಡ ಕಿತ್ತರೆ ಬುಡದಲ್ಲಿ ಏನೂ ಇರಲಿಲ್ಲ. ಬೆಳೆ ಹೋದದ್ದು ಮುಂಗಾರಿನಲ್ಲಿ. ರಾಜ್ಯ ಸರ್ಕಾರ ಮೊದಲ ಕಂತಾಗಿ 2,000 ರೂ.ವರೆಗೆ ಕೊಟ್ಟದ್ದು 2024ರ ಜನವರಿಯಲ್ಲಿ. ಕೇಂದ್ರದ ಹಣಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆಯಾಗಿ, ಉಳಿದ ಹಣ ರೈತರ ಖಾತೆಗೆ ಬಂದದ್ದು ಮೇ ತಿಂಗಳಲ್ಲಿ. ಯಾವ ಸರ್ಕಾರ ಸರಿ, ಯಾವುದು ತಪ್ಪು ಅಂತ ನಾನು ಇಲ್ಲಿ ಹೇಳಲು ಬಂದಿಲ್ಲ, ಇದು ರಾಜಕೀಯದ ವೇದಿಕೆಯಲ್ಲ. ಬೆಳೆ ಒಣಗಿದ ದಿನಕ್ಕೂ ದುಡ್ಡು ಬಂದ ದಿನಕ್ಕೂ ನಡುವೆ ಆರೇಳು ತಿಂಗಳು ಆಯಿತು, ಆ ಆರೇಳು ತಿಂಗಳು ನಮ್ಮ ಜನ ಕೈಸಾಲದಲ್ಲಿ ಬದುಕಿದರು ಅನ್ನುವುದಷ್ಟೇ ನನ್ನ ಮಾತು.

ಮೂರನೆಯದು ಬೆಳೆ ವಿಮೆ. 2016ರ ಮುಂಗಾರಿನಿಂದ ಫಸಲ್ ಬಿಮಾ ಬಂದಿದೆ. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5 ನಮ್ಮ ಪಾಲು. ಉಳಿದದ್ದನ್ನು ಎರಡೂ ಸರ್ಕಾರಗಳು ತುಂಬುತ್ತವೆ. 2020ರ ಮುಂಗಾರಿನಿಂದ ಸಾಲ ತಗೊಂಡವರಿಗೂ ಇದು ಕಡ್ಡಾಯವಲ್ಲ, ಇಷ್ಟವಿದ್ದರೆ ಕಟ್ಟಬಹುದು. ಇದನ್ನು ಯಾರೂ ಸರ್ಕಾರದ ಭಿಕ್ಷೆ ಅಂತ ತಿಳಿಯಬಾರದು. ನಾವು ಕಂತು ಕಟ್ಟಿದ್ದೇವೆ, ಬಂದರೆ ಅದು ನಮ್ಮ ಹಕ್ಕು.

"ನನ್ನ ಹೊಲ ಪೂರಾ ಒಣಗೋಯ್ತು, ಒಂದು ಪೈಸೆ ವಿಮೆ ಬರಲಿಲ್ಲ, ಎಲ್ಲಾ ಮೋಸ" ಅಂತ ಬಹಳ ಜನ ಹೇಳುತ್ತಾರೆ. ಅದರ ಲೆಕ್ಕ ಹೀಗಿದೆ. ರಾಗಿಯಂಥ ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯಿತಿ ಒಂದು ಘಟಕ. ಕೆಲವು ಹೊಲಗಳನ್ನು ಆರಿಸಿ, ಹೊಲದಲ್ಲಿ 5 ಮೀಟರ್ ಉದ್ದ 5 ಮೀಟರ್ ಅಗಲ ಗುರುತು ಮಾಡಿ, ಕೊಯ್ದು, ಬಡಿದು, ತೂಕ ಹಾಕುತ್ತಾರೆ. ಅದೇ ಬೆಳೆ ಕಟಾವು ಪ್ರಯೋಗ. ಆ ಹೊಲಗಳ ಸರಾಸರಿ ಇಳುವರಿ ಮೊದಲೇ ನಿಗದಿ ಮಾಡಿದ ಇಳುವರಿಗಿಂತ ಕಡಿಮೆ ಬಂದರೆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಹಣ. ಕಡಿಮೆ ಬರದಿದ್ದರೆ ಯಾರಿಗೂ ಇಲ್ಲ. ನಿಮ್ಮ ಹೊಲ ಒಂದೇ ಒಣಗಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಆಲಿಕಲ್ಲು ಬಿದ್ದು ಅಥವಾ ನೀರು ನಿಂತು ಒಂದೇ ಹೊಲ ಹಾಳಾದರೆ ಮಾತ್ರ ಬೇರೆ ದಾರಿ ಇದೆ. 72 ಗಂಟೆಯ ಒಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು, 14447 ನಂಬರಿಗೆ ಫೋನು ಮಾಡಿದರೂ ಆಗುತ್ತದೆ. ಮೂರು ದಿನ ಕಳೆದು ಹೋದರೆ ಆಮೇಲೆ ಗೋಳಾಡಿ ಪ್ರಯೋಜನ ಇಲ್ಲ. ಕಟಾವು ಪ್ರಯೋಗ ನಡೆಯುವ ದಿನ ಹೊಲದ ಬದುವಿನಲ್ಲಿ ಊರಿನ ನಾಲ್ಕು ಜನ ನಿಂತಿರಬೇಕು. ಇಡೀ ಪಂಚಾಯಿತಿಯ ಹಣ ಆ ಒಂದು ತೂಕದ ಮೇಲೆ ನಿಂತಿರುತ್ತದೆ. ಆದರೆ ಆ ದಿನ ಹೊಲದ ಒಡೆಯನನ್ನು ಬಿಟ್ಟು ಬೇರೆ ಯಾರೂ ಹೋಗುವುದಿಲ್ಲ.

ನಾಲ್ಕನೆಯದು ಕಣ್ಣಿಗೆ ಕಾಣದ ಹಣ. 45 ಕೆ.ಜಿ. ಯೂರಿಯಾ ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ. ಅದರ ನಿಜವಾದ ಖರ್ಚು ಹಲವು ಪಟ್ಟು ಹೆಚ್ಚು. ಉಳಿದದ್ದನ್ನು ಕೇಂದ್ರ ಸರ್ಕಾರ ಕಂಪನಿಗೆ ಕೊಡುತ್ತದೆ. 2018ರಿಂದ ಚೀಲ ರೈತನಿಗೆ ಮಾರಾಟವಾಗಿ ಮಿಷನ್ನಿನಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆಯೇ ಕಂಪನಿಗೆ ಆ ಹಣ. ನಮ್ಮ ಗೋದಾಮಿನಲ್ಲಿ ಆಧಾರ್ ಕೇಳುವುದು ಅದಕ್ಕೇ, ಕಾರ್ಯದರ್ಶಿಗಳ ಹಟಕ್ಕಲ್ಲ. ಬೇರೆಯವರಿಗೆ ಬೇಕಾದ ಚೀಲಕ್ಕೆ ನಿಮ್ಮ ಹೆಬ್ಬೆಟ್ಟು ಕೊಡಬೇಡಿ.

ಇದಕ್ಕಿಂತ ದೊಡ್ಡದು ನಮ್ಮ ಸಂಘದ ಸಾಲದ ಬಡ್ಡಿ. ಸಹಕಾರ ಸಂಘದ ಬೆಳೆ ಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. 3 ಲಕ್ಷದವರೆಗೆ ಇದ್ದ ಮಿತಿ 2023-24ರ ಬಜೆಟ್ಟಿನಲ್ಲಿ 5 ಲಕ್ಷ ಆಯಿತು. ಬಡ್ಡಿಯನ್ನು ನಮ್ಮ ಪರವಾಗಿ ಸರ್ಕಾರ ತುಂಬುತ್ತದೆ. ಈಗ ಒಂದು ಲೆಕ್ಕ ಹಾಕಿ. ಊರಲ್ಲಿ ಮೂರು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದರೆ ತಿಂಗಳಿಗೆ 3,000, ವರ್ಷಕ್ಕೆ 36,000. ಅದೇ ಒಂದು ಲಕ್ಷ ಸಂಘದಲ್ಲಿ ತಗೊಂಡು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ. ಉಳಿಯುವ 36,000 ಅಂದರೆ ಕಿಸಾನ್ ಸಮ್ಮಾನಿನ ಆರು ವರ್ಷದ ಹಣ. ಎರಡು ಸಾವಿರ ಬಂದರೆ ಮೊಬೈಲಿನಲ್ಲಿ ಮೆಸೇಜು ಬರುತ್ತದೆ, ನಾವು ಖುಷಿ ಪಡುತ್ತೇವೆ. ಇದಕ್ಕೆ ಯಾವ ಮೆಸೇಜೂ ಬರುವುದಿಲ್ಲ.

ಇಲ್ಲೊಂದು ಮಾತು. ವಾಯಿದೆ ಮೀರಿದರೆ ಈ ಸೌಲಭ್ಯ ಹೋಗುತ್ತದೆ, ಪೂರಾ ಬಡ್ಡಿ ಬೀಳುತ್ತದೆ. 2017ರಲ್ಲಿ ಸಹಕಾರ ಸಂಘದ ಸಾಲ 50 ಸಾವಿರದವರೆಗೆ ಮನ್ನಾ ಆಯಿತು, 2018ರಲ್ಲಿ ಒಂದು ಲಕ್ಷದವರೆಗೆ ಅಂದರು. ಅದನ್ನು ನೆನೆಸಿಕೊಂಡು ಕೆಲವರು "ಎಲೆಕ್ಷನ್ ಬರ್ಲಿ, ನೋಡಾನ" ಅಂತ ಕೂರುತ್ತಾರೆ. ಮನ್ನಾ ಯಾವಾಗ ಬರುತ್ತದೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಬಡ್ಡಿ ಮಾತ್ರ ದಿನವೂ ಏರುತ್ತದೆ. ಸಂಘಕ್ಕೆ ಕಟ್ಟಬೇಕಾದವರು ಕಟ್ಟದಿದ್ದರೆ ಮುಂದಿನ ಸಾಲಿಗೆ ಹೊಸಬರಿಗೆ ಕೊಡಲು ಹಣ ಇರುವುದಿಲ್ಲ. ಆ ಹೊಸಬ ನಮ್ಮ ಪಕ್ಕದ ಮನೆಯವನೇ ಆಗಿರುತ್ತಾನೆ.

ಬಂಧುಗಳೇ, ಇಷ್ಟೆಲ್ಲ ಯೋಜನೆ ಇದ್ದರೂ "ದೇವರು ವರ ಕೊಟ್ಟರೂ ಪೂಜಾರಿ ಕೊಡ" ಅನ್ನುವ ಹಾಗೆ ಆಗುತ್ತಿದೆ. ಆದರೆ ಈಗ ಪೂಜಾರಿ ಮನುಷ್ಯನಲ್ಲ, ಕಾಗದ. ಹಣ ನಮ್ಮ ಖಾತೆಗೆ ಬರಬೇಕಾದರೆ ಪಹಣಿ, ಫ್ರೂಟ್ಸ್ ನೋಂದಣಿ ಅಂದರೆ ಎಫ್.ಐ.ಡಿ., ಬೆಳೆ ಸಮೀಕ್ಷೆ, ಆಧಾರ್, ಬ್ಯಾಂಕು ಈ ಐದೂ ಒಂದಕ್ಕೊಂದು ಹೊಂದಬೇಕು. ಒಂದು ಕೊಂಡಿ ಕಳಚಿದರೆ ದುಡ್ಡು ನಿಲ್ಲುತ್ತದೆ. ಎಲ್ಲೆಲ್ಲಿ ಕಳಚುತ್ತದೆ ಅಂತ ನಾನು ನಮ್ಮ ಸದಸ್ಯರ ಜೊತೆ ನಾಡಕಚೇರಿಗೆ, ಬ್ಯಾಂಕಿಗೆ ಓಡಾಡಿ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ಪೌತಿ ಖಾತೆ. ತಾತ ಸತ್ತು ಮೂವತ್ತು ವರ್ಷ ಆಗಿರುತ್ತದೆ, ಪಹಣಿಯ 9ನೇ ಕಲಂನಲ್ಲಿ ಇನ್ನೂ ತಾತನ ಹೆಸರೇ ಇರುತ್ತದೆ. ಸತ್ತವರಿಗೆ ಆಧಾರ್ ಎಲ್ಲಿಂದ ಬರಬೇಕು? ಹಾಗಾಗಿ ಆ ಜಮೀನಿಗೆ ಎಫ್.ಐ.ಡಿ. ಇಲ್ಲ, ಪರಿಹಾರ ಇಲ್ಲ, ವಿಮೆ ಇಲ್ಲ, ಸಾಲವೂ ಇಲ್ಲ. 2023ರ ಬರದಲ್ಲಿ ನಮ್ಮ ಪಕ್ಕದ ಊರಿನ ಒಬ್ಬ ತಾಯಿ ಮೂರು ಎಕರೆ ರಾಗಿ ಕಳಕೊಂಡರು. ಗಂಡ ಇಲ್ಲ, ಮಾವನ ಹೆಸರಲ್ಲಿ ಖಾತೆ. ಸುತ್ತಲಿನ ಹೊಲದವರಿಗೆಲ್ಲ ಹಣ ಬಂತು. "ಮಳೆ ನನ್ನ ಹೊಲಕ್ಕೆ ಮಾತ್ರ ಬಂದಿತ್ತೇನಪ್ಪಾ" ಅಂತ ಅವರು ನನ್ನನ್ನು ಕೇಳಿದರು. ನಾನು ಏನು ಹೇಳಲಿ? ಮರಣ ಪತ್ರ ತೆಗೆಸಿ, ವಂಶವೃಕ್ಷ ಮಾಡಿಸಿ, ಮೈದುನರ ಒಪ್ಪಿಗೆ ತಂದು ಖಾತೆ ಆಗುವಷ್ಟರಲ್ಲಿ ಆ ಸಾಲಿನ ಪರಿಹಾರದ ಪಟ್ಟಿ ಮುಗಿದಿತ್ತು. 2025ರಲ್ಲಿ ಕಂದಾಯ ಇಲಾಖೆಯವರು ಇ-ಪೌತಿ ಅಂತ ಆಂದೋಲನವನ್ನೇ ಶುರುಮಾಡಿದರು. ಅಣ್ಣತಮ್ಮಂದಿರ ಜಗಳ ಆಮೇಲೆ ಬಗೆಹರಿಯಲಿ, ಮೊದಲು ಎಲ್ಲಾ ವಾರಸುದಾರರ ಹೆಸರಿಗೆ ಜಂಟಿಯಾಗಿಯಾದರೂ ಖಾತೆ ಮಾಡಿಸಿಕೊಳ್ಳಿ. ಅದರಲ್ಲಿ ಹೆಣ್ಣುಮಕ್ಕಳ, ವಿಧವೆಯರ ಹೆಸರು ಬಿಡಬೇಡಿ.

ಎರಡನೆಯದು ಬೆಳೆ ಸಮೀಕ್ಷೆ. ಪಿ.ಆರ್. ಅಂತ ಕರೆಯುವ ನಮ್ಮೂರ ಹುಡುಗರೇ ಮೊಬೈಲು ಹಿಡಿದು ಹೊಲ ಹೊಲಕ್ಕೆ ಬಂದು ಫೋಟೋ ತೆಗೆಯುತ್ತಾರೆ. ರೈತರೇ ಸ್ವತಃ ತೆಗೆದು ಹಾಕುವ ವ್ಯವಸ್ಥೆಯೂ 2020ರಿಂದ ಇದೆ. ಕೆಲವು ಸಾರಿ ರಾಗಿ ಇರುವ ಕಡೆ ಪಾಳು ಅಂತ, ತೊಗರಿ ಇರುವ ಕಡೆ ಕಡಲೆಕಾಯಿ ಅಂತ ಬಿದ್ದಿರುತ್ತದೆ. ಅಕ್ಕಡಿ ಸಾಲಿನ ಅವರೆ, ತೊಗರಿ ಬಿಟ್ಟೇ ಹೋಗಿರುತ್ತದೆ. ವಿಮೆ ಕಟ್ಟಿದ್ದು ರಾಗಿಗೆ, ಸಮೀಕ್ಷೆಯಲ್ಲಿ ಬೇರೆ ಬೆಳೆ ಇದ್ದರೆ ವಿಮೆ ತಿರಸ್ಕಾರ. ಬೆಂಬಲ ಬೆಲೆಗೆ ರಾಗಿ ತಗೊಂಡು ಹೋದರೂ ಅದೇ ಕಥೆ. ಬೆಳೆ ದರ್ಶಕ್ ಅನ್ನುವ ಆ್ಯಪಿನಲ್ಲಿ ನಮ್ಮ ಸರ್ವೆ ನಂಬರಿಗೆ ಏನು ಬರೆದಿದ್ದಾರೆ ಅಂತ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಆದರೆ ಬೆಳೆ ಹೊಲದಲ್ಲಿ ಇರುವಾಗಲೇ ಮಾಡಬೇಕು, ಕೊಯ್ಲು ಆದ ಮೇಲೆ ಏನು ತೋರಿಸುತ್ತೀರಿ?

ಮೂರನೆಯದು ಬ್ಯಾಂಕು. "ಪಾಸ್‌ಬುಕ್ಕಿನಲ್ಲಿ ಏನೂ ಬಂದಿಲ್ಲ" ಅಂತ ಒಬ್ಬ ಹಿರಿಯರು ಒಂದು ವರ್ಷ ಅಲೆದರು. ವಿಚಾರಿಸಿದರೆ ಹಣ ಬೇರೆ ಬ್ಯಾಂಕಿನಲ್ಲಿ ಬಂದು ಕೂತಿತ್ತು. ಎಂದೋ ಯಾರೋ ಊರಿಗೆ ಬಂದು ತೆರೆಸಿದ ಖಾತೆ, ಅವರಿಗೆ ಮರೆತೇ ಹೋಗಿತ್ತು. ನೇರ ಪಾವತಿ ಹಣ ಹೋಗುವುದು ಕೊನೆಯದಾಗಿ ಯಾವ ಖಾತೆಗೆ ಎನ್‌.ಪಿ.ಸಿ.ಐ.ನಲ್ಲಿ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅಂದರೆ ಸಾಲದು, "ಎನ್‌.ಪಿ.ಸಿ.ಐ. ಜೋಡಣೆ ಆಗಿದೆಯಾ" ಅಂತ ಬಾಯಿಬಿಟ್ಟು ಕೇಳಿ.

ನಾಲ್ಕನೆಯದು ಇ-ಕೆವೈಸಿ. ಮಣ್ಣಲ್ಲಿ ಕೆಲಸ ಮಾಡಿ ಸವೆದ ಬೆರಳು ಮಿಷನ್ನಿಗೆ ಹಿಡಿಸುವುದಿಲ್ಲ. ಅಂಥವರಿಗೆ ಮುಖ ತೋರಿಸಿ ಮಾಡುವ ವ್ಯವಸ್ಥೆ ಕಿಸಾನ್ ಸಮ್ಮಾನಿನಲ್ಲಿ 2023ರಿಂದ ಬಂದಿದೆ. ಇದಕ್ಕೆ ಯಾರಿಗೂ ನೂರು ಇನ್ನೂರು ಕೊಡಬೇಕಾಗಿಲ್ಲ.

ಐದನೆಯದು ಸಾಲಕ್ಕೆ ಜಮಾ. 2024ರಲ್ಲಿ ಬರ ಪರಿಹಾರದ ಹಣವನ್ನು ಹಳೇ ಸಾಲಕ್ಕೆ ಮುರಿದುಕೊಳ್ಳಬಾರದು ಅಂತ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು. ಆದರೂ ಒಂದು ಬ್ಯಾಂಕಿನ ಶಾಖೆಯಲ್ಲಿ ನಮ್ಮ ಇಬ್ಬರು ಸದಸ್ಯರ ಹಣ ಸಾಲಕ್ಕೆ ಹೋಗಿತ್ತು. ನಾವು ನಾಲ್ಕು ಜನ ಹೋಗಿ, ಪೇಪರಿನಲ್ಲಿ ಬಂದಿದ್ದ ಸೂಚನೆ ತೋರಿಸಿ, ಲಿಖಿತ ಅರ್ಜಿ ಕೊಟ್ಟೆವು. ವಾರದೊಳಗೆ ಹಣ ವಾಪಸು ಬಂತು. ಜಗಳ ಆಡಲಿಲ್ಲ, ಕೂಗಾಡಲಿಲ್ಲ. ಒಬ್ಬನೇ ಹೋಗಿದ್ದರೆ "ಆಮೇಲೆ ಬಾ" ಅನ್ನುತ್ತಿದ್ದರು.

ಇನ್ನು ಒಂದು ಮಾತಿದೆ. ಇದು ಇಲ್ಲಿ ಕೂತಿರುವ ಕೆಲವರಿಗೆ ಖಾರ ಆಗಬಹುದು, ಆದರೂ ಹೇಳಿಬಿಡುತ್ತೇನೆ. ನಮ್ಮ ಕಡೆ ಎಷ್ಟೋ ಹೊಲಗಳನ್ನು ಒಡೆಯರು ಉಳುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಹೊಲವನ್ನು ವಾರಕ್ಕೋ ಗುತ್ತಿಗೆಗೋ ಬಿಟ್ಟಿದ್ದಾರೆ. 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾಗಿ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಅದರಿಂದ ಸಾವಿರಾರು ಜನ ಉಳುವವರು ಭೂಮಿಯ ಒಡೆಯರಾದರು, ನಮ್ಮೂರಲ್ಲೂ ಆಗಿದ್ದಾರೆ. ಆದರೆ ಗುತ್ತಿಗೆ ಕಾಗದಕ್ಕೆ ಅವಕಾಶ ಇಲ್ಲದ ಕಾರಣ ಇವತ್ತು ವಾರಕ್ಕೆ ಮಾಡುವವನದು ಎಲ್ಲವೂ ಬಾಯಿಮಾತು. ಬೀಜ ಅವನದು, ಗೊಬ್ಬರ ಅವನದು, ಬೆವರು ಅವನದು. ಬೆಳೆ ಒಣಗಿದರೆ ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಹೊಲ ಯಾವ ದಿಕ್ಕಿಗಿದೆ ಅಂತ ನೋಡದವರ ಮೊಬೈಲಿಗೆ ಮೆಸೇಜು ಬರುತ್ತದೆ.

ಕಾನೂನು ಬದಲಾಯಿಸುವುದು ನಮ್ಮ ಕೈಲಿಲ್ಲ. ಆದರೆ ನ್ಯಾಯ ನಮ್ಮ ಕೈಲಿದೆ. ನಾನು ಒಡೆಯರಲ್ಲಿ ಕೈಮುಗಿದು ಕೇಳುವುದು ಇಷ್ಟೇ. ಹೊಲ ಬಿಡುವಾಗಲೇ ನಾಲ್ಕು ಜನರ ಮುಂದೆ ಒಂದು ಮಾತು ಆಗಲಿ. ಬೆಳೆ ಹೋಗಿ ಪರಿಹಾರ ಬಂದರೆ, ಬೀಜ ಗೊಬ್ಬರಕ್ಕೆ ಖರ್ಚು ಮಾಡಿದವನಿಗೆ ಅದು ಸೇರಬೇಕು. ಮುಂಚೆಯೇ ಹೇಳಿದ ಹಾಗೆ ಆ ಹಣದ ಹೆಸರೇ ಇನ್‌ಪುಟ್ ಸಬ್ಸಿಡಿ. ಬೀಜ ಹಾಕದವರಿಗೆ ಬೀಜದ ಸಹಾಯಧನ ಯಾಕೆ? ಕಂದಾಯ ಕಟ್ಟುವವರು ನಾವು ಅಂತ ಒಡೆಯರು ಹೇಳಬಹುದು. ಸುಗ್ಗಿಯಲ್ಲಿ ಅವರ ಪಾಲು ಅವರಿಗೆ ಬರುತ್ತದೆ, ಬರಗಾಲದಲ್ಲಾದರೂ ಉಳುವವನ ಪಾಲು ಅವನಿಗೆ ಹೋಗಲಿ. ನಮ್ಮ ಊರಿನಲ್ಲೇ ಇಬ್ಬರು ಒಡೆಯರು 2024ರಲ್ಲಿ ಬಂದ ಹಣವನ್ನು ಹಾಗೆ ಕರೆದು ಕೊಟ್ಟರು. ಅವರ ಹೆಸರು ಹೇಳಬಾರದು ಅಂತ ಅವರೇ ಹೇಳಿದ್ದಾರೆ.

ಈ ಕೆಲಸಗಳಿಗೂ ಸಂಘಕ್ಕೂ ಏನು ಸಂಬಂಧ, ಸಂಘ ಇರುವುದು ಸಾಲಕ್ಕೆ ಗೊಬ್ಬರಕ್ಕೆ ತಾನೆ ಅಂತ ಆಡಳಿತ ಮಂಡಳಿಯಲ್ಲೇ ಪ್ರಶ್ನೆ ಬಂದಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬಡ್ಡಿ ಸಾಹುಕಾರನ ಎದುರು ಒಬ್ಬೊಬ್ಬನೇ ರೈತ ನಿಲ್ಲಲಾರ, ನಾಲ್ಕು ಜನ ಸೇರಿದರೆ ನಿಲ್ಲಬಹುದು ಅನ್ನುವುದು ಸಹಕಾರದ ಬುಡ. ಅಂದು ರೈತನನ್ನು ಕಟ್ಟಿಹಾಕಿದ್ದು ಸಾಹುಕಾರನ ಪತ್ರ. ಇಂದು ನಮ್ಮದೇ ಪಹಣಿ, ನಮ್ಮದೇ ಆಧಾರ್ ಸರಿಯಿಲ್ಲದೆ ನಮ್ಮನ್ನು ಕಟ್ಟಿಹಾಕಿದೆ. ಒಬ್ಬ ಸದಸ್ಯ ತನ್ನ ಹಣ ಪಡೆದರೆ ಅದರಲ್ಲಿ ಸಂಘದ ಸಾಲವನ್ನೂ ಕಾಲಕ್ಕೆ ಕಟ್ಟುತ್ತಾನೆ. ಹಾಗಾಗಿ ಇದು ಸಂಘದ ಕೆಲಸವೇ.

ಆದ್ದರಿಂದ ಈ ರಜತ ಮಹೋತ್ಸವದ ನೆನಪಿಗೆ ನಾನು ಆಡಳಿತ ಮಂಡಳಿಯ ಮುಂದೆ ನಾಲ್ಕು ಸಲಹೆ ಇಡುತ್ತೇನೆ.

ಒಂದು, ಪ್ರತಿ ಸದಸ್ಯರಿಗೂ ಒಂದು ಪುಟದಂತೆ ಸಂಘದಲ್ಲಿ ಒಂದು ದಾಖಲೆ ಪುಸ್ತಕ ಇಡೋಣ. ಎಫ್.ಐ.ಡಿ. ಇದೆಯಾ, ಎಲ್ಲಾ ಸರ್ವೆ ನಂಬರುಗಳು ಅದಕ್ಕೆ ಸೇರಿವೆಯಾ, ಖಾತೆ ಯಾರ ಹೆಸರಲ್ಲಿದೆ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಬರೆದಿಡೋಣ. ಯಾರದು ಸರಿ ಇಲ್ಲವೋ ಅವರ ಮನೆಗೆ ನಾವೇ ಹೋಗಿ ಹೇಳೋಣ. ಆಧಾರ್ ನಂಬರನ್ನು ಮಾತ್ರ ಪುಸ್ತಕದಲ್ಲಿ ಬರೆಯುವುದು ಬೇಡ.

ಎರಡು, ಮುಂಗಾರು ಬಿತ್ತನೆಗೆ ಮೊದಲು ಮತ್ತು ಬೆಳೆ ಸಮೀಕ್ಷೆಯ ಸಮಯಕ್ಕೆ ವಾರಕ್ಕೊಂದು ದಿನ ಸಂಘದ ಜಗುಲಿಯಲ್ಲಿ ಸಹಾಯದ ಮೇಜು ಹಾಕೋಣ. ಊರಿನ ಓದಿದ ಹುಡುಗ ಹುಡುಗಿಯರು ಸರದಿಯಂತೆ ಕೂರಲಿ. ಯಾರಿಂದಲೂ ಒಂದು ರೂಪಾಯಿ ತಗೊಳ್ಳುವುದು ಬೇಡ.

ಮೂರು, ಪರಿಹಾರದ ಪಟ್ಟಿ ಬಂದಾಗ ಅದನ್ನು ಸಂಘದ ಮತ್ತು ಪಂಚಾಯಿತಿಯ ನೋಟೀಸು ಬೋರ್ಡಿನಲ್ಲಿ ಹಾಕಿಸೋಣ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳೋಣ. ಕಿಸಾನ್ ಸಮ್ಮಾನಿನ ಪಟ್ಟಿಯೂ ಊರವಾರು ಕಂಪ್ಯೂಟರಿನಲ್ಲಿ ಎಲ್ಲರಿಗೂ ಕಾಣುತ್ತದೆ, ಗುಟ್ಟೇನಲ್ಲ. ಊರವರ ಕಣ್ಣು ಇದ್ದರೆ ಬೆಳೆ ಇಡದವನ ಹೆಸರು ಪಟ್ಟಿಗೆ ಸೇರುವುದಿಲ್ಲ, ಬೆಳೆ ಇಟ್ಟವನದು ಬಿಟ್ಟುಹೋಗುವುದಿಲ್ಲ.

ನಾಲ್ಕು, ಪೌತಿ ಖಾತೆ ಆಗದ ಮನೆಗಳನ್ನು ಪಟ್ಟಿ ಮಾಡಿ, ನಮ್ಮ ಗ್ರಾಮ ಆಡಳಿತ ಅಧಿಕಾರಿಗಳನ್ನು ಒಂದು ದಿನ ಸಂಘಕ್ಕೇ ಕರೆಸಿ ಎಲ್ಲರ ಅರ್ಜಿ ಒಟ್ಟಿಗೆ ಕೊಡಿಸೋಣ. ಕಂದಾಯ ಇಲಾಖೆಯವರು ಇಲ್ಲೇ ವೇದಿಕೆಯ ಮೇಲಿದ್ದಾರೆ, ಅವರು ಈಗಲೇ ಒಂದು ದಿನ ಗೊತ್ತು ಮಾಡಿದರೆ ಬಹಳ ಉಪಕಾರವಾಗುತ್ತದೆ.

ಕೊನೆಯದಾಗಿ ನಮ್ಮ ಯುವಕರಿಗೆ ಒಂದು ಮಾತು. ಸರ್ಕಾರದ ಹಣ ನಂಬಿಕೊಂಡು ಬೇಸಾಯ ಮಾಡಿ ಅಂತ ನಾನು ಹೇಳುತ್ತಿಲ್ಲ. ಕಿಸಾನ್ ಸಮ್ಮಾನಿನ ಹಣ 2019ರಲ್ಲಿ 6,000 ಇತ್ತು, 2025ರಲ್ಲೂ ಅಷ್ಟೇ ಇತ್ತು. ಅದೇ ರಾಗಿಯ ಬೆಂಬಲ ಬೆಲೆ 2018-19ರಲ್ಲಿ ಕ್ವಿಂಟಾಲಿಗೆ 2,897 ಇದ್ದದ್ದು 2025-26ಕ್ಕೆ 4,886 ಆಯಿತು. ಹತ್ತು ಕ್ವಿಂಟಾಲ್ ರಾಗಿ ಮಾರುವವನಿಗೆ ಅಷ್ಟರಿಂದಲೇ ಸುಮಾರು 20,000 ಹೆಚ್ಚಿಗೆ ಸಿಕ್ಕಿತು. ಬೆಳೆದದ್ದಕ್ಕೆ ಸರಿಯಾದ ಬೆಲೆ, ಸಮಯಕ್ಕೆ ಸಾಲ, ಹೊಲಕ್ಕೆ ನೀರು, ಇವು ಇದ್ದರೆ ಯಾವ ರೈತನೂ ಎರಡು ಸಾವಿರಕ್ಕೆ ಮೊಬೈಲು ನೋಡುತ್ತಾ ಕೂರುವುದಿಲ್ಲ. ಅದಕ್ಕಾಗಿ ನಾವು ಕೇಳುತ್ತಲೇ ಇರಬೇಕು. ಆದರೆ ಅದು ಬರುವವರೆಗೆ, ನಮ್ಮ ಹೆಸರಿಗೆ ಬಂದ ಹಣ ಒಂದು ಅಕ್ಷರ ತಪ್ಪಿದ್ದಕ್ಕೆ ವಾಪಸು ಹೋಗಬಾರದು.

ಮಧ್ಯಾಹ್ನದ ಊಟ ಆದ ಮೇಲೆ ಪಹಣಿ ತಂದಿರುವವರು ದಯವಿಟ್ಟು ಹೋಗಿಬಿಡಬೇಡಿ, ಕೃಷಿ ಇಲಾಖೆಯವರು ಎಫ್.ಐ.ಡಿ. ನೋಡಿ ಹೇಳಲು ಒಪ್ಪಿದ್ದಾರೆ.